ಸರ್, ಕಂಬಾರರು ಬರೆಯೋಕ ಶುರು ಮಾಡಿದ್ದು ಯಾಕ್ರೀ?

ಹುಕ್ಕೇರಿ ಮಾಸ್ತರ
ಬುಧವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹುಕ್ಕೇರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಘೋಡಗೇರಿ ನಮಗೆ ದೂರವೇನಲ್ಲ. ಚಂದ್ರಶೇಖರ ಕಂಬಾರರು ಹುಟ್ಟಿದ ಊರು ಅದು, 1937ರ ಜನವರಿ 2ರಂದು. ಹೀಗಾಗಿ ಅವರ ಪಾಠ ಬಂದರೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಇವತ್ತೂ ಹಾಗೇ ಆಯಿತು. ಅವರ ಜೋಕುಮಾರಸ್ವಾಮಿ, ಸಿರಿಸಂಪಿಗೆ ನಾಟಕಗಳು, ಜ್ಞಾನಪೀಠ ಎಲ್ಲ ಹೇಳಿ ಮುಗಿಸಿದೆ. ಆಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಮಾತು ಕಡಿಮೆ ಅವಳದು. "ಸರ್, ಕಂಬಾರರು ಬರೆಯೋಕ ಶುರು ಮಾಡಿದ್ದು ಯಾಕ್ರೀ?" ಅಂತ ಕೇಳಿದಳು.

ನಾನು ಹಿಂದೆ ಮುಂದೆ ಯೋಚಿಸದೆ, "ಅದೆಲ್ಲ ಪ್ರತಿಭೆ ಅಮ್ಮ, ಹುಟ್ಟಿನಿಂದಲೇ ಬರಬೇಕು" ಅಂದುಬಿಟ್ಟೆ.

"ಹಂಗಾದ್ರ ನಮಗ ಬರಂಗಿಲ್ಲೇನ್ರಿ?" ಅಂದಳು. ಕೂತುಬಿಟ್ಟಳು.

ಆಮೇಲೆ ಅವಳ ಗೆಳತಿಯಿಂದ ವಿಷಯ ಗೊತ್ತಾಯಿತು. ಈ ಸಲದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ತಾನೇ ಒಂದು ನಾಟಕ ಬರೆಯಬೇಕು ಅಂತ ಅವಳಿಗೆ ಆಸೆ. ಎರಡು ಸಲ ಬರೆದು ಹರಿದು ಹಾಕಿದ್ದಾಳಂತೆ.

ಊಟ ಸೇರಲಿಲ್ಲ ನನಗೆ. ಕಂಬಾರರು ಬಡತನದಿಂದ ಗೋಕಾಕದಲ್ಲಿ ಹೈಸ್ಕೂಲು ಬಿಟ್ಟಿದ್ದರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದು ಮತ್ತೆ ಶಾಲೆಗೆ ಕಳಿಸಿದರು. ಆಮೇಲೆ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡ, ಅಲ್ಲಿಂದ ಮುಂದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಆ ಮಗುವಿಗೆ "ಹುಟ್ಟಿನಿಂದ ಬರಬೇಕು" ಅಂದೆ. ಶಾಲೆ ಬಿಟ್ಟ ಆ ಹುಡುಗನಿಗೆ ಅಂದು ಯಾರಾದರೂ ಇದೇ ಮಾತು ಹೇಳಿದ್ದರೆ?

ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಇಲ್ಲಿ ನಾಟಕ ಆಡಿದವರಿದ್ದೀರಿ, ಬರೆದವರಿದ್ದೀರಿ, ಓದಿದವರಿದ್ದೀರಿ. ನಾಟಕ ಬರೆಯುವವನು ಮೊದಲ ಸಾಲು ಬರೆಯೋ ಹಾಗೆ ಮಾಡೋದು ಏನು? ನಿಮಗೆ ಗೊತ್ತಿದ್ದದ್ದು ಹೇಳಿ.


ಘಟಪ್ರಭಾ ದಂಡೆ
ಬುಧವಾರ, ರಾತ್ರಿ 10:25

ಮಾಸ್ತರೇ, ನಾನು ಓದಿದ್ದು ಕಡಿಮೆ. ಕಬ್ಬು, ಗೋವಿನಜೋಳ ಬೆಳೆಯುವವ. ಆದರೆ ಜೋಕುಮಾರನ ವಿಷಯ ಹೇಳಬಲ್ಲೆ.

ಗಣಪ್ಪ ಹೋದ ಮೇಲೆ ಭಾದ್ರಪದದಲ್ಲಿ ಜೋಕುಮಾರ ಬರುತ್ತಾನೆ. ನಮ್ಮ ಮನೆಗೆ ಹೊತ್ತು ತರುವ ಅಜ್ಜಿಯನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಬಿದಿರಿನ ಬುಟ್ಟಿ. ಅದರೊಳಗೆ ಬೇವಿನ ತಪ್ಪಲು. ತಪ್ಪಲ ನಡುವೆ ಹಸಿ ಮಣ್ಣಿನ ಜೋಕುಮಾರ, ದೊಡ್ಡ ಕಣ್ಣು, ದೊಡ್ಡ ಬಾಯಿ. ಬಾಯಿ ತುಂಬ ಬೆಣ್ಣೆ. ಪ್ರತಿ ಮನೆಯವರೂ ಬೆಣ್ಣೆ ಹಚ್ಚುವುದರಿಂದ ಓಣಿ ಮುಗಿಯುವಷ್ಟರಲ್ಲಿ ಅವನ ಮುಖವೇ ಕಾಣುತ್ತಿರಲಿಲ್ಲ. ನಾಲ್ಕೈದು ಹೆಂಗಸರು ಬುಟ್ಟಿ ಸುತ್ತ ಕೂತು ಹಾಡುತ್ತಿದ್ದರು. ನಮ್ಮವ್ವ ಮೊರದಲ್ಲಿ ಜೋಳ ಕೊಟ್ಟರೆ ಅವರು ಬೇವಿನ ತಪ್ಪಲು ಕೊಡುತ್ತಿದ್ದರು. ಅಪ್ಪ ಅದನ್ನು ಹೊಲಕ್ಕೆ ಒಯ್ದು ಚೆಲ್ಲುತ್ತಿದ್ದ.

ಆ ಅಜ್ಜಿ ಹೇಳುತ್ತಿದ್ದ ಕಥೆ ಇದು. ಗಣಪ್ಪ ಕಡುಬು ತಿಂದು ಮೇಲೆ ಹೋಗಿ, "ಭೂಮಿಯ ಮೇಲೆ ಎಲ್ಲಾ ಆರಾಮ ಐತಿ" ಅಂತ ಶಿವನಿಗೆ ವರದಿ ಕೊಡುತ್ತಾನೆ. ಜೋಕುಮಾರ ಬಡವರ ಮನೆ ಅಂಗಳಕ್ಕೂ ಹೋಗುತ್ತಾನೆ, ಒಣಗಿದ ಹೊಲ ನೋಡುತ್ತಾನೆ. ಮಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ ಅಂತ ಖರೇ ವರದಿ ಕೊಡುವವನು ಅವನೇ. ಆದರೆ ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆ ಹೊತ್ತಿಗೆ ಸಾಯುತ್ತಾನೆ.

ಕಂಬಾರರ ಜೋಕುಮಾರಸ್ವಾಮಿ ನಾಟಕದಲ್ಲಿ ಗೌಡ್ತಿ ಮಕ್ಕಳ ಆಸೆಯಿಂದ ಗಂಡನಿಗೆ ಅಂತ ಪಡವಲಕಾಯಿ ಪಲ್ಯ ಮಾಡುತ್ತಾಳೆ. ಅದು ಹೋಗಿ ಸೇರುವುದು ಬಸಣ್ಣನ ಹೊಟ್ಟೆಗೆ. ಉಳುವವನಿಗೇ ಹೊಲ ಅಂತ ಗೌಡನ ಎದುರು ನಿಂತವನು ಆ ಬಸಣ್ಣ. ಗೌಡ ಅವನನ್ನು ಕೊಲ್ಲಿಸುತ್ತಾನೆ. ನಾನು ಆ ನಾಟಕ ಮೊದಲ ಸಲ ನೋಡಿದಾಗ ಪಕ್ಕದವರಿಗೆ ಹೇಳಿದೆ, "ಇಂವ ನಮ್ಮ ಬುಟ್ಟಿಯೊಳಗಿನ ಜೋಕುಮಾರನೇ ಅಲ್ವಾ!"

ಆ ಹುಡುಗಿಗೆ ಇದನ್ನು ಹೇಳ್ರಿ. ಕಂಬಾರರಿಗೆ ನಾಟಕ ಮೇಲಿಂದ ಉದುರಲಿಲ್ಲ. ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬಂದಿತ್ತು. ಎಲ್ಲರ ಮನೆಗೂ ಬಂದಿತ್ತು. ಅವರು ಜೋಳ ಹಾಕಿ ಸುಮ್ನೆ ಒಳಗೆ ಹೋಗಲಿಲ್ಲ, ಅಷ್ಟೇ.


ತಿಕೋಟಾ ದ್ರಾಕ್ಷಿ
ಗುರುವಾರ, ಬೆಳಿಗ್ಗೆ 7:10

ದಂಡೆ ಕಾಕಾ, ಎಷ್ಟು ಚಂದ ಹೇಳಿದಿರಿ. ನಾನು ವಿಜಯಪುರದಲ್ಲಿ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಇನ್ನೊಂದು ಕಥೆ ಸೇರಿಸುತ್ತೇನೆ. ಇದು ಗಿರೀಶ ಕಾರ್ನಾಡರದು. ಅವರೇ ಬರೆದದ್ದನ್ನು, ಹೇಳಿದ್ದನ್ನು ಓದಿ ಹೇಳುತ್ತಿದ್ದೇನೆ.

ಕಾರ್ನಾಡರಿಗೆ ನಾಟಕ ಬರೆಯುವ ಆಸೆಯೇ ಇರಲಿಲ್ಲ. ಅವರಿಗೆ ಆಗಬೇಕಿದ್ದದ್ದು ಇಂಗ್ಲಿಷ್ ಕವಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದವರು. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟರು. ಆ ಕಾಲದಲ್ಲಿ ಹಡಗು ಹತ್ತಿ ಹೋಗುವುದು ಅಂದರೆ ಮನೆಯವರಿಗೆ ಭಯ. ಮಗ ಅಲ್ಲೇ ಉಳಿದರೆ? ಅಲ್ಲೇ ಮದುವೆ ಆದರೆ? ತಂದೆ ತಾಯಿ ಬೇಡ ಅನ್ನಲಾರರು, ಹೋಗು ಅಂತ ಮನಸ್ಸು ಬಿಚ್ಚಿಯೂ ಹೇಳಲಾರರು. ಇವರಿಗೆ ಹೋಗಲೇಬೇಕು.

ಅದೇ ದಿನಗಳಲ್ಲಿ ರಾಜಾಜಿಯವರ ಮಹಾಭಾರತ ಓದಿದ್ದರು. ಅಲ್ಲಿ ಯಯಾತಿಯ ಕಥೆ ಇತ್ತು. ಮುಪ್ಪಿನ ಶಾಪ ಬಂದ ಅಪ್ಪ, ಮಗನ ಯೌವನ ಕೇಳುತ್ತಾನೆ. ಮಗ ಪುರು ಕೊಡುತ್ತಾನೆ. ಈ ಕಥೆ ಅವರನ್ನು ಹಿಡಿದುಬಿಟ್ಟಿತು. ಕೂತು ಬರೆಯತೊಡಗಿದರೆ ಬಂದದ್ದು ಇಂಗ್ಲಿಷ್ ಅಲ್ಲ, ಕನ್ನಡ. ಕವಿತೆ ಅಲ್ಲ, ನಾಟಕ. ಅವರಿಗೇ ಆಶ್ಚರ್ಯ. ಪಾತ್ರಗಳ ಮಾತು ಕಿವಿಗೆ ಕೇಳಿಸುತ್ತಿತ್ತು, ತಾನು ಬರೆದುಕೊಳ್ಳುತ್ತ ಹೋದೆ ಅನ್ನೋ ಅರ್ಥದಲ್ಲಿ ಹೇಳಿಕೊಂಡಿದ್ದಾರೆ. ಯಯಾತಿ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು.

ನನಗೆ ಮುಖ್ಯ ಅನಿಸುವುದು ಇದು. ಆ ಕಥೆ ಸಾವಿರಾರು ವರ್ಷದಿಂದ ಇತ್ತು. ಎಷ್ಟೋ ಜನ ಓದಿದ್ದರು. ಕಾರ್ನಾಡರಿಗೆ ಅದು ಚುಚ್ಚಿದ್ದು, ತಮ್ಮ ಮನೆಯೊಳಗೇ ಆ ಮಾತು ನಡೆಯುತ್ತಿದ್ದ ಕಾರಣಕ್ಕೆ. ಹಿರಿಯರು ಮಕ್ಕಳಿಂದ ಏನನ್ನು ಕೇಳಬಹುದು? ಎಷ್ಟು ಕೇಳಬಹುದು? ಅಲ್ಲಿ ಚಿತ್ರಲೇಖೆ ಅಂತ ಪುರುವಿನ ಹೆಂಡತಿ ಬರುತ್ತಾಳೆ. ಆ ಪಾತ್ರ ಕಾರ್ನಾಡರೇ ತಂದದ್ದು. ನಿಮ್ಮ ತಂದೆ-ಮಗನ ತ್ಯಾಗದಲ್ಲಿ ನನ್ನ ಗತಿ ಏನು ಅಂತ ಕೇಳುವವಳು ಅವಳು. 22 ವರ್ಷದ ಹುಡುಗನಿಗೆ ಆ ಪ್ರಶ್ನೆ ಹೊಳೆಯಿತಲ್ಲ ಅಂತ ನನಗೆ ಇವತ್ತಿಗೂ ಬೆರಗು.


ಇಳಕಲ್ ಮಗ್ಗ
ಗುರುವಾರ, ಮಧ್ಯಾಹ್ನ 1:30

ಎಲ್ಲರ ಮಾತಿಗೂ ಗೌರವ ಇಟ್ಟುಕೊಂಡೇ ನನ್ನದೊಂದು ತಕರಾರು. ನೀವು ಹೇಳುತ್ತಿರುವುದು ಕಾಲೇಜು ಓದಿದವರ ಕಥೆ. ನಮ್ಮ ಕಡೆ ನಾಟಕ ಬರೆಯುವವರಿಗೆ ಹೊಟ್ಟೆಯೂ ಒಂದು ಪ್ರೇರಣೆ. ಅದನ್ನು ಸಣ್ಣದು ಮಾಡಬೇಡಿ.

ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ಇರುತ್ತದೆ. ನಾಟಕ ಕಂಪನಿಗಳು ಸಾಲಾಗಿ ಕ್ಯಾಂಪು ಹಾಕುತ್ತವೆ. ಒಂದು ತಗಡಿನ ಗೋಡೆ ಆಚೆ ಇನ್ನೊಂದು ಕಂಪನಿ. ಇಲ್ಲಿ ಜನ ನಗದಿದ್ದರೆ ಎದ್ದು ಅಲ್ಲಿಗೆ ಹೋಗುತ್ತಾರೆ. ಆವತ್ತಿನ ಕಲೆಕ್ಷನ್ ಬಿದ್ದರೆ ಒಲೆ ಹೊತ್ತಿಸುವುದು ಕಷ್ಟ. ಅಂಥಲ್ಲಿ ಹೊಸ ನಾಟಕ ಬೇಕು ಅಂತ ಮಾಲಕ ಕೇಳಿದರೆ, ಕವಿಗಳು ಬರೆಯಲೇಬೇಕು. ಕಂಪನಿಯಲ್ಲಿ ನಾಟಕ ಬರೆಯುವವರನ್ನು ಕವಿಗಳು ಅಂತಲೇ ಕರೆಯುತ್ತಾರೆ.

ನಮ್ಮ ಹುನಗುಂದದ ಸೀಮೆಯನ್ನೇ ನೋಡಿ. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಕಂಪನಿಗಳಿಗೆ ಬರೆದವರು. ಅವರ ಸಂಪತ್ತಿಗೆ ಸವಾಲ್ 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಕಂದಗಲ್ಲ ಹನುಮಂತರಾಯರ ರಕ್ತರಾತ್ರಿ ಇವತ್ತಿಗೂ ಹಳ್ಳಿಗಳಲ್ಲಿ ಆಡುತ್ತಾರೆ. ಶಕುನಿ ಪಾರ್ಟು ಯಾರಿಗೆ ಅಂತ ಊರೊಳಗೆ ಪೈಪೋಟಿ ಬೀಳುತ್ತದೆ. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಇವರ ಮುಂದೆ ಪ್ರೇಕ್ಷಕ ಇದ್ದ. ಟಿಕೆಟ್ ತಗೊಂಡು ಬಂದವ. ಅವನೇ ಬರೆಸಿದ.

ಆ ಹುಡುಗಿಗೆ ಹೇಳಿ. ಗ್ಯಾದರಿಂಗ್ ತಾರೀಖು ಗೊತ್ತಾಗಿದೆಯಲ್ಲ, ಅದೇ ಸಾಕು. ತಾರೀಖು ಇದ್ದರೆ ನಾಟಕ ಬರುತ್ತದೆ.


ಪೇಟಿ ಮಾಸ್ತರ
ಗುರುವಾರ, ಸಂಜೆ 6:05

ಮಗ್ಗದ ಅಣ್ಣಾರ ಮಾತು ಅರ್ಧ ಖರೆ. ನಾನು ಮೂವತ್ತು ವರ್ಷ ಹಳ್ಳಿ ನಾಟಕಗಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದ್ದೇನೆ. ಜಮಖಂಡಿ, ಮುಧೋಳ, ರಬಕವಿ, ಆ ಕಡೆ ಅಥಣಿ ತನಕ. ಜಾತ್ರೆ ಎರಡು ತಿಂಗಳು ಇರುವಾಗ ಕರೆ ಬರುತ್ತದೆ. ಗುಡಿಯ ಕಟ್ಟೆ ಮೇಲೆ ತಾಲೀಮು. ಹಗಲು ಹೊಲ, ರಾತ್ರಿ ತಾಲೀಮು.

ತಾರೀಖು ಇದ್ದರೆ ನಾಟಕ ಮುಗಿಯುತ್ತದೆ. ಶುರು ಆಗುವುದು ಬೇರೆ ಕಡೆಯಿಂದ.

ಒಂದು ಸಲ ನೋಡಿದ್ದು ಹೇಳುತ್ತೇನೆ. ಒಂದೂರಲ್ಲಿ ನಾಟಕ ಬರೆದವನು ಆ ಊರಿನದೇ ಹುಡುಗ. ತಾಯಿ ಪಾರ್ಟಿಗೆ ಹೊರಗಿನಿಂದ ಬಂದ ಕಲಾವಿದೆ. ಮಗ ದುಡಿಯಲು ಪುಣೆಗೆ ಹೋಗುವ ಸೀನು. ಹುಡುಗ ಬರೆದಿದ್ದ ಮಾತು ಒಂದು ಪುಟ. ಕಣ್ಣೀರು, ಹಾಲಿನ ಋಣ, ಎಲ್ಲಾ ಇತ್ತು. ಆ ಕಲಾವಿದೆ ಓದಿ ಹಾಳೆ ಕೆಳಗಿಟ್ಟರು. "ತಮ್ಮಾ, ನೀ ಪುಣೆಗೆ ಹೋದಾಗ ನಿಮ್ಮವ್ವ ಏನಂದ್ಳು?" ಅಂತ ಕೇಳಿದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಏನೂ ಅನ್ಲಿಲ್ರಿ. ರೊಟ್ಟಿ ಗಂಟು ಕೊಟ್ಲು. ಮ್ಯಾಲಿನ ಎರಡು ಇವತ್ತ ತಿನ್ನು, ಅವು ಮೆತ್ತಗದಾವು ಅಂದ್ಳು."

ಅದೇ ಮಾತು ಇಟ್ಟರು. ಜಾತ್ರೆ ರಾತ್ರಿ ಆ ಮಾತಿಗೆ ಹೆಂಗಸರ ಕಡೆಯಿಂದ ಸೆರಗು ಮುಖಕ್ಕೆ ಹೋದದ್ದನ್ನು ನಾನು ಪೇಟಿ ಮುಂದೆ ಕೂತು ನೋಡಿದೆ. ನನಗೂ ಸ್ವರ ಹಿಡಿಯಲಾಗಲಿಲ್ಲ, ಸುಮ್ಮನೆ ಕೈ ಎತ್ತಿದೆ.

ಒಂದು ಪುಟ ಅವನು ಬರೆದದ್ದು ನೋಡಿದ ನಾಟಕಗಳಿಂದ. ಆ ಒಂದು ಮಾತು ಅವನ ಹತ್ತಿರ ಮೊದಲೇ ಇತ್ತು. ಅವನಿಗೇ ಗೊತ್ತಿರಲಿಲ್ಲ.


ಹುಕ್ಕೇರಿ ಮಾಸ್ತರ
ಗುರುವಾರ, ರಾತ್ರಿ 9:15

ಪೇಟಿ ಮಾಸ್ತರೇ, ನಿಮ್ಮ ಉತ್ತರ ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ಅವರು ಅಡುಗೆಮನೆಯಿಂದ ಹೊರಗೆ ಬಂದು ಇನ್ನೊಮ್ಮೆ ಓದಿಸಿದರು.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಮನಸ್ಸಿಗೆ ಚುಚ್ಚಿದ್ದನ್ನು ಕವಿತೆ ಮಾಡಬಹುದು, ಕಥೆ ಮಾಡಬಹುದು. ಕಂಬಾರರು ಅವನ್ನೂ ಬರೆದಿದ್ದಾರೆ. ಹಾಗಾದರೆ ಕೆಲವೊಂದು ಮಾತ್ರ ನಾಟಕವೇ ಆಗುತ್ತೇನೆ ಅಂತ ಯಾಕೆ ಹಟ ಹಿಡಿಯುತ್ತದೆ? ಕಾರ್ನಾಡರು ಕವಿತೆ ಬಯಸಿದರೂ ನಾಟಕ ಬಂತು.

ನನಗೆ ಅನಿಸುವುದು: ಎದುರುಬದುರು ನಿಂತ ಇಬ್ಬರ ಮಾತೂ ಸರಿ ಅನಿಸಿದಾಗ ಹಾಗಾಗುತ್ತದೆ. ಹೋಗಲೇಬೇಕು ಅನ್ನುವ ಮಗನೂ ಸರಿ, ಒಳಗೇ ಅಳುವ ತಂದೆ ತಾಯಿಯೂ ಸರಿ. ಗೌಡ್ತಿಯ ಮಕ್ಕಳ ಆಸೆ ತಪ್ಪೇ? ಅಲ್ಲ. ಅವಳನ್ನು ನಂಬಿ ಸಾಯುವ ಬಸಣ್ಣ ತಪ್ಪೇ? ಅವನೂ ಅಲ್ಲ. ಒಬ್ಬರ ಪರ ನಿಂತು ಹೇಳಿದರೆ ಇನ್ನೊಬ್ಬರಿಗೆ ಅನ್ಯಾಯ ಆಗುತ್ತದೆ. ಹಾಗಾಗಿ ಇಬ್ಬರಿಗೂ ಬಾಯಿ ಕೊಡಬೇಕಾಗುತ್ತದೆ.

ಇದು ಸರಿಯೇ? ತಪ್ಪಿದ್ದರೆ ತಿದ್ದಿ.


ಇಂಡಿ ಲಿಂಬೆ
ಶುಕ್ರವಾರ, ಬೆಳಿಗ್ಗೆ 8:50

ಮಾಸ್ತರೇ, ನಮ್ಮೂರ ಕಡೆಯ ದೊಡ್ಡವರನ್ನು ಯಾರೂ ನೆನೆಯಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, ಇಂಡಿ ಸೀಮೆಯ ಅಗರಖೇಡದವರು. 1904ರಲ್ಲಿ ಹುಟ್ಟಿದರು. ಪುಣೆಯಲ್ಲಿ ಓದಿ, ಲಂಡನ್ನಿಗೆ ಹೋಗಿ, ಬಂದು ಧಾರವಾಡದಲ್ಲಿ ಸಂಸ್ಕೃತ ಕಲಿಸಿದರು.

ಸಂಸ್ಕೃತ ಪಂಡಿತರು ಅಂದಮೇಲೆ ರಾಜ ರಾಣಿಯರ ನಾಟಕ ಬರೆದಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅವರು ಮಾಡಿದ್ದು ಅದರ ಉಲ್ಟಾ. 1930ರ ದಶಕದಲ್ಲೇ ಹರಿಜನ್ವಾರ ಬರೆದರು. ಮಡಿವಂತರ ಮನೆಯೊಳಗಿನ ಅಸ್ಪೃಶ್ಯತೆಯನ್ನು ರಂಗದ ಮೇಲೆ ತಂದರು. ಅದು ಅವರು ಹುಟ್ಟಿ ಬೆಳೆದ ಜನರದೇ ಮನೆ. ಆಮೇಲೆ ಶೋಕಚಕ್ರ, ಕತ್ತಲೆ ಬೆಳಕು, ಕೇಳು ಜನಮೇಜಯ. ಕೇಳು ಜನಮೇಜಯ ಹಿಂದಿಗೂ ಹೋಗಿ ಸುನೋ ಜನಮೇಜಯ ಆಯಿತು. 1971ರಲ್ಲಿ ಕಾಳಿದಾಸನ ಮೇಲಿನ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದವರೂ ಅವರೇ.

ಅವರ ನಾಟಕ ಓದಿದಾಗಲೆಲ್ಲ ನನಗೆ ಒಂದು ಸಿಟ್ಟು ಕಾಣುತ್ತದೆ. ಊಟದ ಮನೆಯಲ್ಲಿ ಹೇಳುವುದು ಒಂದು, ಬೀದಿಯಲ್ಲಿ ಹೇಳುವುದು ಇನ್ನೊಂದು. ಅದನ್ನು ಅವರಿಗೆ ಸಹಿಸಲು ಆಗಲಿಲ್ಲ. ನಿಮ್ಮ "ಇಬ್ಬರೂ ಸರಿ" ಅನ್ನುವ ಮಾತು ಶ್ರೀರಂಗರಿಗೆ ಅಷ್ಟು ಹೊಂದುವುದಿಲ್ಲ. ಅಲ್ಲಿ ತಪ್ಪು ಯಾರದು ಅಂತ ಸ್ಪಷ್ಟ ಇದೆ. ತಪ್ಪು ಮಾಡುವವರು ನಮ್ಮವರೇ ಅನ್ನೋದು ಮಾತ್ರ ನುಂಗಲಾರದ ತುತ್ತು. ಅದೂ ಒಂದು ಪ್ರೇರಣೆ ಅಲ್ವಾ?


ಮಲಪ್ರಭೆ ಮಗಳು
ಶುಕ್ರವಾರ, ಮಧ್ಯಾಹ್ನ 3:20

ನಾನು ಬೈಲಹೊಂಗಲದವಳು. ಸಂಗ್ಯಾ ಬಾಳ್ಯಾ ಹೇಳದೇ ಇದ್ದರೆ ನಮ್ಮ ಊರಿಗೆ ಹೋಗಲು ಮುಖ ಇರುವುದಿಲ್ಲ ನನಗೆ.

ಆ ಸಣ್ಣಾಟ, ಅಂದರೆ ಹಳ್ಳಿಯ ಜಾನಪದ ನಾಟಕ, ನಮ್ಮ ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯಿಂದ ಹುಟ್ಟಿದ್ದು. ಸಂಗ್ಯಾನಿಗೆ ಗಂಗಿಯ ಮೇಲೆ ಮನಸ್ಸು. ಅವಳಿಗೆ ಮದುವೆ ಆಗಿದೆ. ಪ್ರಾಣದ ಗೆಳೆಯ ಬಾಳ್ಯಾ ಮೊದಲು ಜೊತೆ ಕೊಡುತ್ತಾನೆ, ಆಮೇಲೆ ಅವನೇ ಗೆಳೆಯನನ್ನು ಸಾವಿನ ಕೈಗೆ ಒಪ್ಪಿಸುತ್ತಾನೆ. ಪೊಲೀಸರ ಕಾಗದದಲ್ಲಿ ಹೋಗಬೇಕಾಗಿದ್ದ ಸುದ್ದಿ ಅದು. ಜನಕ್ಕೆ ಅದು ಮರೆಯಲಾಗಲಿಲ್ಲ, ಹಾಡು ಮಾತು ಸೇರಿಸಿ ಆಡಿದರು. ಇವತ್ತಿಗೂ ಆಡುತ್ತಾರೆ. ಕಂಬಾರರು ಅದನ್ನು ಸಂಪಾದಿಸಿ ಅಚ್ಚಿಗೆ ತಂದರು. ಅವರ ಪಿಎಚ್‌ಡಿ ಕೂಡ ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಮೇಲೆಯೇ.

ನಮ್ಮಜ್ಜಿ ಆ ಆಟ ಎಷ್ಟು ಸಲ ನೋಡಿದ್ದಳೋ ಲೆಕ್ಕ ಇಲ್ಲ. ಪ್ರತಿ ಸಲ ಬಂದ ಮೇಲೆ ಬೇರೆಯವರ ಮೇಲೆ ಸಿಟ್ಟು. ಒಂದು ಸಲ "ಆ ಬಾಳ್ಯಾನ ಕೈ ಸೇದಿ ಹೋಗಲಿ" ಅನ್ನುವಳು. ಇನ್ನೊಂದು ಸಲ "ಸಂಗ್ಯಾ ಪರರ ಹೆಂಡ್ತಿ ಮ್ಯಾಲೆ ಕಣ್ಣು ಹಾಕಿದ್ದು ಯಾಕ?" ಅನ್ನುವಳು. ಕಡೆಗಾಲದಲ್ಲಿ ಒಂದು ದಿನ, ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತ, ಇದ್ದಕ್ಕಿದ್ದ ಹಾಗೆ ಕೇಳಿದಳು. "ಆ ಗಂಗೀನ ಯಾರೂ ಕೇಳಲೇ ಇಲ್ಲಲ್ಲ, ನಿನ್ನ ಮನಸಿನಾಗ ಏನೈತಿ ಅಂತ?" 

ನಾನು ಬರೆಯುವವಳಾಗಿದ್ದರೆ ಆವತ್ತೇ ಶುರು ಮಾಡುತ್ತಿದ್ದೆ. ಆ ಸುಲಿದ ಶೇಂಗಾ ಸಿಪ್ಪೆ ಇನ್ನೂ ಕಣ್ಣ ಮುಂದೆ ಇದೆ.


ತಿಕೋಟಾ ದ್ರಾಕ್ಷಿ
ಶುಕ್ರವಾರ, ರಾತ್ರಿ 8:00

ಅಕ್ಕಾ, ಈಗಲೂ ಶುರು ಮಾಡಬಹುದು.

ಒಂದು ಮಾತು ಮಾತ್ರ ಎಚ್ಚರಿಕೆಗೆ ಹೇಳುತ್ತೇನೆ. ಎಲ್ಲವೂ ಮನೆ, ಅಂಗಳ, ಅಜ್ಜಿ ಅಂತ ಹೇಳಿದರೆ ಆ ಹುಡುಗಿ ಓದುವುದು ಬೇಡ ಅಂದುಕೊಂಡಾಳು. ಕಾರ್ನಾಡರ ತುಘಲಕ್ ನಾಟಕ ಹುಟ್ಟಿದ್ದು ಒಂದು ವಿಮರ್ಶೆಯ ಮಾತಿನಿಂದ. ಕನ್ನಡದಲ್ಲಿ ಇವತ್ತಿನ ಕಾಲಕ್ಕೆ ಮುಟ್ಟುವ ಐತಿಹಾಸಿಕ ನಾಟಕ ಇಲ್ಲ ಅಂತ ಕೀರ್ತಿನಾಥ ಕುರ್ತಕೋಟಿಯವರು ಬರೆದಿದ್ದರು. ಅದು ಕಾರ್ನಾಡರಿಗೆ ನಾಟಿತು. ಆಕ್ಸ್‌ಫರ್ಡಿನಲ್ಲಿ ಕೂತು ಇತಿಹಾಸದ ಪುಸ್ತಕ ತಿರುವುತ್ತ ಹೋದರು, ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಸಿಕ್ಕ. 1964ರಲ್ಲಿ ನಾಟಕ ಬಂತು. ಓದಿದವರಿಗೆಲ್ಲ ತಮ್ಮ ಕಾಲದ ದೆಹಲಿ ಕಂಡಿತು.

ಅವರ ತಲೆದಂಡ ನಾಟಕದ ಕಥೆಯಂತೂ ನಮ್ಮದೇ ಮಣ್ಣಿನದು. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣಕ್ಕೆ ಹೋದ ಬಸವಣ್ಣನವರು. ಬ್ರಾಹ್ಮಣರ ಹುಡುಗಿಗೂ ಸಮಗಾರರ ಹುಡುಗನಿಗೂ ಮದುವೆ, ಅದರಿಂದ ಹೊತ್ತಿದ ಬೆಂಕಿ. ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿದ್ದ ಕಥೆ. ಕಾರ್ನಾಡರು ಅದನ್ನು ಬರೆದದ್ದು 1989ರಲ್ಲಿ. ಅಯೋಧ್ಯೆಯ ಮಂದಿರ ಮತ್ತು ಮಂಡಲ್ ಮೀಸಲಾತಿಯ ವಿಷಯಗಳು ದೇಶದಲ್ಲಿ ಕಾವೇರುತ್ತಿದ್ದ ಹೊತ್ತು. ಪೇಪರ್ ಓದುತ್ತಿದ್ದವರಿಗೆ ಹನ್ನೆರಡನೇ ಶತಮಾನ ನೆನಪಾಗಿತ್ತು.

ಹಾಗಾಗಿ ಓದಲಿ. ಕೇಳಲಿ, ಓದಲಿ, ಎರಡೂ ಮಾಡಲಿ.


ಕೃಷ್ಣಾ ತೀರ
ಶುಕ್ರವಾರ, ರಾತ್ರಿ 11:45

ನಾನು ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಬರೆಯುತ್ತಿದ್ದೇನೆ.

ನಾನೂ ಒಂದು ನಾಟಕ ಬರೆದಿದ್ದೆ. ಊರ ಜಾತ್ರೆಗೆ. ಕುಡಿತ ಬಿಡಿಸಬೇಕು ಅನ್ನೋದು ನನ್ನ ಉದ್ದೇಶ. ಉದ್ದೇಶ ಒಳ್ಳೆಯದೇ ಇತ್ತು. ನಮ್ಮ ಅಪ್ಪ ಕುಡಿತದಿಂದಲೇ ತೀರಿಕೊಂಡವರು. ನಾಟಕದಲ್ಲಿ ಒಬ್ಬ ಕುಡುಕ, ಒಬ್ಬಳು ಒಳ್ಳೆಯ ಹೆಂಡತಿ, ಒಬ್ಬ ಬುದ್ಧಿ ಹೇಳುವ ಮಾಸ್ತರ ಇದ್ದರು. ಮಾಸ್ತರ ಮಾತಾಡಲು ನಿಂತಾಗ ಜನ ಚಹಾ ಕುಡಿಯಲು ಎದ್ದು ಹೋದರು. ಗಂಡಸರ ಕಡೆ ಅರ್ಧ ಖಾಲಿ ಆಯಿತು. ಮುಂದೆ ಕೂತಿದ್ದ ನಮ್ಮವ್ವನೂ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ನಾನು ಪೆನ್ನು ಹಿಡಿಯಲಿಲ್ಲ. ಏಳು ವರ್ಷ ಆಯಿತು.

ಪೇಟಿ ಮಾಸ್ತರ ಹೇಳಿದ ರೊಟ್ಟಿ ಮಾತು ಓದಿದ ಮೇಲೆ ನನಗೆ ಹೊಳೆಯಿತು. ನಮ್ಮಪ್ಪ ಕುಡಿದು ಬಂದ ರಾತ್ರಿ ಓಣಿಯ ತಿರುವಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ನಮಗೆ ಸಪ್ಪಳ ಆಗಿ ಎಚ್ಚರ ಆಗಬಾರದು ಅಂತ. ನಾವು ಎಚ್ಚರ ಇರುತ್ತಿದ್ದೆವು. ಎಲ್ಲರೂ ಕಣ್ಣು ಮುಚ್ಚಿಕೊಂಡು ಮಲಗಿದ ಹಾಗೆ ಇರುತ್ತಿದ್ದೆವು. ಅವರಿಗೆ ನಾಚಿಕೆ ಆಗಬಾರದು ಅಂತ.

ನನ್ನ ನಾಟಕದಲ್ಲಿ ಆ ಚಪ್ಪಲಿ ಇರಲಿಲ್ಲ. ಬುದ್ಧಿಮಾತು ಇತ್ತು.


ಪೇಟಿ ಮಾಸ್ತರ
ಶನಿವಾರ, ಬೆಳಿಗ್ಗೆ 6:30

ತಮ್ಮಾ, ನಿನ್ನದು ಓದಿ ಬಹಳ ಹೊತ್ತು ಅಂಗಳದಲ್ಲಿ ಕೂತಿದ್ದೆ. ನೀನು ಬರೆಯಬೇಕು. ಮಾಸ್ತರನ ಪಾರ್ಟು ತೆಗೆದುಬಿಡು. ಚಪ್ಪಲಿಯಿಂದ ಶುರು ಮಾಡು.


ಇಳಕಲ್ ಮಗ್ಗ
ಶನಿವಾರ, ಬೆಳಿಗ್ಗೆ 9:10

ಕೃಷ್ಣಾ ತೀರದ ತಮ್ಮನ ಮಾತಿಗೆ ನಾನು ತಲೆಬಾಗುತ್ತೇನೆ. ಹೊಟ್ಟೆಯ ಮಾತು ನಾನು ಬಿಡುವುದಿಲ್ಲ, ಆದರೆ ಧುತ್ತರಗಿಯವರ ನಾಟಕಕ್ಕೆ ನಮ್ಮ ಮಗ್ಗದ ಮನೆಗಳ ಹೆಂಗಸರು ಯಾಕೆ ಅಳುತ್ತಿದ್ದರು ಅಂತ ಈಗ ಯೋಚಿಸುತ್ತಿದ್ದೇನೆ. ಬರೀ ಕಲೆಕ್ಷನ್ ಲೆಕ್ಕ ಹಾಕಿ ಬರೆದರೆ ಅಂಥ ಅಳು ಬರುವುದಿಲ್ಲ.


ಹುಕ್ಕೇರಿ ಮಾಸ್ತರ
ಮಂಗಳವಾರ, ರಾತ್ರಿ 8:30

ನಿಮಗೆಲ್ಲ ಹೇಳಲೇಬೇಕು.

ಸೋಮವಾರ ತರಗತಿಯಲ್ಲಿ ಎಲ್ಲರ ಮುಂದೆ ಆ ಹುಡುಗಿಗೆ ಹೇಳಿದೆ. "ಹೋದ ವಾರ ನಾನು ನಿನಗೆ ಹೇಳಿದ್ದು ತಪ್ಪು." ಆಮೇಲೆ ಬುಟ್ಟಿಯೊಳಗಿನ ಜೋಕುಮಾರ, ಹಡಗು ಹತ್ತುವ ಕಾರ್ನಾಡರು, ಪುಣೆಗೆ ಹೋದ ಹುಡುಗನ ರೊಟ್ಟಿ ಗಂಟು, ಗಂಗಿಯ ಬಗ್ಗೆ ಅಜ್ಜಿ ಕೇಳಿದ ಪ್ರಶ್ನೆ, ಎಲ್ಲ ಹೇಳಿದೆ. ಚಪ್ಪಲಿಯ ಮಾತು ಹೇಳಲಿಲ್ಲ. ಅದು ಬರೆದವರದು. ಗಂಟೆ ಬಾರಿಸಿದ್ದು ನನಗೂ ಗೊತ್ತಾಗಲಿಲ್ಲ, ಮಕ್ಕಳಿಗೂ ಗೊತ್ತಾಗಲಿಲ್ಲ.

"ನಿನ್ನ ಕಿವಿಯಿಂದ ಹೋಗದೇ ಇರುವ ಮಾತು ಯಾವುದು?" ಅಂತ ಕೇಳಿದೆ. ಅವಳು ಅಲ್ಲಿ ಹೇಳಲಿಲ್ಲ. ಇವತ್ತು ಪಟ್ಟಿಯ ಹಿಂದಿನ ಪುಟದಲ್ಲಿ ಬರೆದು ತಂದಳು.

2019ರ ಆಗಸ್ಟಿನ ಹೊಳೆ ನಿಮಗೆಲ್ಲ ನೆನಪಿದೆ. ಘಟಪ್ರಭೆ ಊರೊಳಗೆ ಬಂದಿತ್ತು. ಅವಳು ಆಗ ತೀರಾ ಚಿಕ್ಕವಳು. ಅಪ್ಪನ ಹೆಗಲ ಮೇಲಿದ್ದಳು. ಮಳೆ, ಕತ್ತಲೆ, ಟ್ರ್ಯಾಕ್ಟರ್ ಸಪ್ಪಳ. ಆಯಿ, ಅಂದರೆ ಅವಳ ಅಜ್ಜಿ, ಮಾತ್ರ ದನದ ಮನೆಯಿಂದ ಹೊರಗೆ ಬರುತ್ತಿಲ್ಲ. ಅವಳು ಬರೆದದ್ದನ್ನು, ಅವಳ ಒಪ್ಪಿಗೆ ತಗೊಂಡು, ಇದ್ದ ಹಾಗೇ ಹಾಕುತ್ತಿದ್ದೇನೆ.

(ರಾತ್ರಿ. ದನದ ಮನಿ. ನೀರಿನ ಸಪ್ಪಳ. ಆಯಿ ಎಮ್ಮಿ ಕಣ್ಣಿ ಬಿಚ್ಚತಾಳ.)
ಆಯಿ: ಹೋಗವ್ವ. ಕಣ್ಣಿ ಬಿಚ್ಚೇನಿ. ಎತ್ತರದ ಕಡೆ ಹೋಗು.
(ಎಮ್ಮಿ ಅಲ್ಲಾಡಂಗಿಲ್ಲ.)
ಅಪ್ಪ: ಯವ್ವಾ, ನೀರು ಕಟ್ಟಿ ಮ್ಯಾಲೆ ಬಂತು. ಟ್ರ್ಯಾಕ್ಟರ್ ನಿಂದರೂದಿಲ್ಲ. ಕೂಸು ನೋಡು, ನಡಗಾಕತ್ತೈತಿ.
ಆಯಿ: ಈ ಕೂಸು ಯಾರ ಹಾಲು ಕುಡದು ಬೆಳದೈತಿ?
ಅಪ್ಪ: ಅದು ಎಮ್ಮಿ, ಯವ್ವಾ.
ಆಯಿ: ನಾ ಇಲ್ಲಿ ನಿಂತ್ರ ಇದು ಹೋಗಂಗಿಲ್ಲ. ನಾ ಹೋದ್ರ ಇದು ನನ್ನ ಹಿಂದ ನೀರಾಗ ಬರತೈತಿ. ಏನು ಮಾಡಲಿ ಹೇಳು.

ಇಷ್ಟೇ ಬರೆದಿದ್ದಾಳೆ. ಮುಂದೆ ಏನಾಯಿತು ಅಂತ ನಾನು ಕೇಳಲಿಲ್ಲ. ನಾಟಕದಲ್ಲಿ ಏನಾಗಬೇಕು ಅಂತ ಅವಳೇ ನೋಡಲಿ.

ಅವಳಿಗೆ ಒಂದು ಸಂಶಯ ಇದೆ. ಪೇಟಿ ಮಾಸ್ತರನ್ನು ಕೇಳಲು ಹೇಳಿದ್ದಾಳೆ. "ಸ್ಟೇಜ್ ಮ್ಯಾಲೆ ಎಮ್ಮಿ ಹೆಂಗ ತರೂದ್ರಿ? ಇಬ್ಬರು ಹುಡುಗರಿಗೆ ಕರಿ ಕಂಬಳಿ ಹೊದಿಸಲೇನ್ರಿ?"


ಪೇಟಿ ಮಾಸ್ತರ
ಮಂಗಳವಾರ, ರಾತ್ರಿ 9:05

ಕಂಬಳಿ ಬೇಡ ಅನ್ರಿ. ಹುಡುಗರು ಒಳಗೆ ಅಲ್ಲಾಡಿದರೆ ಮಕ್ಕಳು ನಗುತ್ತವೆ. ಒಂದು ಗೂಟ, ಒಂದು ಕಣ್ಣಿ ಸಾಕು. ಕಣ್ಣಿಯ ಇನ್ನೊಂದು ತುದಿ ಪರದೆಯ ಹಿಂದೆ ಹೋಗಲಿ. ಅಲ್ಲಿ ಒಬ್ಬರು ಬಿಗಿಯಾಗಿ ಹಿಡಿದಿರಲಿ. ಆಯಿ ಪಾರ್ಟಿನ ಹುಡುಗಿ ಬಿಚ್ಚಿದ ಮೇಲೂ ಹಗ್ಗ ಸಡಿಲ ಆಗಬಾರದು.

ತಾಲೀಮು ಎಂದಿನಿಂದ ಅಂತ ತಿಳಿಸಿ. ಪೇಟಿ ತಗೊಂಡು ನಾನೇ ಬರುತ್ತೇನೆ.